ವೀಗನ್ ಮನೆಗೆ ಯಾವ ಸಕ್ಕರೆ, ಯಾವ ಬೆಲ್ಲ: ಮುಂಬೈ, ಪುಣೆ, ಗೋವಾದಲ್ಲಿರೋ ಕನ್ನಡದೋರಿಗೆ ಸಮಗ್ರ ಮಾರ್ಗದರ್ಶಿ

ಹಾಲು ಬಿಟ್ಟಾಯ್ತು, ತುಪ್ಪ ಬಿಟ್ಟಾಯ್ತು, ಶೇಂಗಾ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡೋದೂ ಕಲ್ತಾಯ್ತು, ಈಗ ಸಕ್ಕರೆನೂ ಬಿಡ್ಬೇಕಾ? ಹೊಸದಾಗಿ ವೀಗನ್ ಆದೋರು, ಅಂದ್ರೆ ಹಾಲು, ಜೇನು ಸೇರಿ ಪ್ರಾಣಿಮೂಲದ್ದೆಲ್ಲ ಬಿಟ್ಟೋರು, ಸಾಮಾನ್ಯವಾಗಿ ಈ ಪ್ರಶ್ನೆಗೆ ಬಂದು ನಿಲ್ತಾರೆ. ಹುಡುಕಿದ್ರೆ ಮೊದಲು ಸಿಗೋದೇ ಸಕ್ಕರೆನ ದನದ ಮೂಳೆ ಹಾಕಿ ಬಿಳಿ ಮಾಡ್ತಾರೆ ಅನ್ನೋ ಸುದ್ದಿ, ಅದನ್ನ ಓದಿದ್ಮೇಲೆ ಡಬ್ಬಿ ಮುಟ್ಟೋಕೂ ಮನಸ್ಸಾಗಲ್ಲ. ಸುದ್ದಿ ಸುಳ್ಳಲ್ಲ, ಆದ್ರೆ ಅದು ಹೆಚ್ಚಾಗಿ ಅಮೆರಿಕದ ಕಡೆ ಮಾತು. ನಮ್ಮ ಕಿರಾಣಿ ಅಂಗಡಿ ಸಕ್ಕರೆ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ, ಕಣ್ಣಿಡಬೇಕಾದ್ದು ಸಕ್ಕರೆ ಕಾರ್ಖಾನೆಯಿಂದ ಆಚೆ ಬಂದ್ಮೇಲೆ ಅದ್ರ ಜೊತೆ ಸದ್ದಿಲ್ದೆ ಸೇರ್ಕೊಳ್ಳೋ ಹಾಲು, ತುಪ್ಪ, ಜೇನು, ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಅರಗು (ಅರಗಿನ ಹುಳ ಸ್ರವಿಸೋ ಅಂಟು) ಇವುಗಳ ಮೇಲೆ. ಮನೆಗೆ ಸಿಹಿ ಸಾಮಾನು ತರೋ ಮುಂಚೆ ಏನೇನು ನೋಡ್ಬೇಕು, ಯಾರನ್ನ ಏನು ಕೇಳ್ಬೇಕು ಅಂತ ಹಂತ ಹಂತವಾಗಿ ಬರೀತಿದೀನಿ.

ಹಂತ 1: ಮೂಳೆ ವಿಷಯ ಮೊದಲು ಅರ್ಥ ಮಾಡ್ಕೊಳ್ಳಿ

ದನದ ಮೂಳೆನ ಗಾಳಿ ಆಡದ ಕುಲುಮೆಯಲ್ಲಿ 700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿದ್ರೆ ಕರೀ ಹರಳಿನ ಥರ ಇದ್ದಿಲು ಸಿಗುತ್ತೆ, ಇದೇ ಬೋನ್ ಚಾರ್. ಅಮೆರಿಕದ ಕೆಲವು ರಿಫೈನರಿಗಳಲ್ಲಿ ಕಬ್ಬಿನ ಕಚ್ಚಾ ಸಕ್ಕರೆನ ಕರಗಿಸಿ ಆ ದ್ರಾವಣನ ಈ ಇದ್ದಿಲಿನ ಮೂಲಕ ಹರಿಸ್ತಾರೆ, ಬಣ್ಣ ಎಲ್ಲಾ ಇದ್ದಿಲು ಹೀರ್ಕೊಳ್ಳುತ್ತೆ. ಸಕ್ಕರೆ ಒಳಗೆ ಮೂಳೆ ಉಳಿಯಲ್ಲ, ಆದ್ರೂ ಪ್ರಾಣಿಯ ಅಂಗ ಬಳಸಿ ಮಾಡಿದ್ದು ಅನ್ನೋ ಕಾರಣಕ್ಕೆ ವೀಗನ್‌ಗಳು ಬೇಡ ಅಂತಾರೆ. ಬೀಟ್‌ನಿಂದ ಮಾಡೋ ಸಕ್ಕರೆಗೆ ಇದು ಬೇಕಾಗೋದೇ ಇಲ್ಲ, ಯುರೋಪಲ್ಲಿ ಬೆಳೆಯೋದು ಹೆಚ್ಚಾಗಿ ಬೀಟೇ.

ಮೂಳೆ ಭಯ ನಮಗೇನೂ ಹೊಸದಲ್ಲ. 1905ರ ಸ್ವದೇಶಿ ಚಳವಳಿ ಟೈಮಲ್ಲೇ ವಿದೇಶಿ ಸಕ್ಕರೆನ ಮೂಳೆ ಹಾಕಿ ಶುದ್ಧ ಮಾಡ್ತಾರೆ, ಅದನ್ನ ಮುಟ್ಬೇಡಿ ಅನ್ನೋ ಪ್ರಚಾರ ಜೋರಾಗಿತ್ತು.

ಈಗ ನಮ್ಮ ಕಾರ್ಖಾನೆಗಳಲ್ಲಿ ಏನ್ ಮಾಡ್ತಾರೆ ಅಂದ್ರೆ, ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಮಂಡ್ಯ ಎಲ್ಲೇ ಆಗ್ಲಿ, ಹೆಚ್ಚಿನ ಕಡೆ ಕಬ್ಬಿನ ಹಾಲಿನಿಂದಾನೇ (ಅಂದ್ರೆ ಕಬ್ಬಿನ ರಸದಿಂದ) ನೇರವಾಗಿ ಬಿಳಿ ಸಕ್ಕರೆ ತೆಗೀತಾರೆ. ಹಾಲು ಬಿಸಿ ಮಾಡಿ ಸುಣ್ಣದ ನೀರು ಸೇರಿಸಿ ಗಂಧಕ ಸುಟ್ಟ ಹೊಗೆ, ಅಂದ್ರೆ ಸಲ್ಫರ್ ಡೈಆಕ್ಸೈಡ್ ಹಾಯಿಸ್ತಾರೆ, ಕೊಳೆ ಕೆಳಗೆ ಕೂರುತ್ತೆ, ತಿಳಿ ಹಾಲನ್ನ ಇಂಗಿಸಿ ಹರಳು ಕಟ್ಟಿಸಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಕಾಕಂಬಿ ಬೇರೆ ಮಾಡ್ತಾರೆ. ಇದ್ದಿಲಿನಲ್ಲಿ ಸೋಸೋ ಹಂತಾನೇ ಇದ್ರಲ್ಲಿ ಇಲ್ಲ. ಸಲ್ಫರ್‌ಲೆಸ್ ಅಥವಾ ರಿಫೈನ್ಡ್ ಅಂತ ಪ್ಯಾಕೆಟ್ ಮೇಲೆ ಬರೆದಿರೋ ಜಾತಿ ಬೇರೆ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಇಲ್ಲಾ ಫಾಸ್ಫಾರಿಕ್ ಆಸಿಡ್ ಬಳಸ್ತಾರೆ, ಆಮೇಲೆ ಬಣ್ಣ ತೆಗೆಯೋಕೆ ಅಯಾನ್ ಎಕ್ಸ್‌ಚೇಂಜ್ ರೆಸಿನ್ (ಬಣ್ಣ ಹಿಡಿಯೋ ಸಣ್ಣ ಪ್ಲಾಸ್ಟಿಕ್ ಮಣಿಗಳು) ಅಥವಾ ಆಕ್ಟಿವೇಟೆಡ್ ಕಾರ್ಬನ್. ಈ ಕಾರ್ಬನ್ ಸಾಮಾನ್ಯವಾಗಿ ಕಲ್ಲಿದ್ದಲು, ಮರ, ತೆಂಗಿನ ಚಿಪ್ಪಿನಿಂದ ಮಾಡಿದ್ದು. ಖಾತ್ರಿ ಬೇಕು ಅಂದ್ರೆ ರಿಫೈನ್ಡ್ ಸಕ್ಕರೆ ಕಂಪನಿಗೆ ಒಂದು ಮೇಲ್ ಹಾಕಿ, ಆದ್ರೆ "ನಿಮ್ಮ ಸಕ್ಕರೆ ವೀಗನ್ನಾ" ಅಂತ ಕೇಳ್ಬೇಡಿ, "ಶುದ್ಧ ಸಸ್ಯಾಹಾರಿ" ಅಂತ ಒಂದು ಸಾಲು ಉತ್ತರ ಬಂದು ಮುಗಿಯುತ್ತೆ. ಹೀಗೆ ಕೇಳಿ: ಬಣ್ಣ ತೆಗೆಯೋಕೆ ಏನು ಬಳಸ್ತೀರಿ, ಆ ಕಾರ್ಬನ್ ಯಾವುದರಿಂದ ಮಾಡಿದ್ದು, ಕುದಿಯುವಾಗ ನೊರೆ ತಡೆಯೋಕೆ ಹಾಕೋ ಆಂಟಿಫೋಮ್ ಸಸ್ಯಮೂಲದ್ದಾ ಪ್ರಾಣಿಮೂಲದ್ದಾ. ಈ ಮೂರು ಪ್ರಶ್ನೆ ಸಾಕು.

ವಿದೇಶದಿಂದ ಮಕ್ಕಳು ತರೋ ಸಕ್ಕರೆ, ಮಾಲ್‌ಗಳ ಇಂಪೋರ್ಟೆಡ್ ಶೆಲ್ಫಿನ ಸಕ್ಕರೆ, ಅಮೆರಿಕದ ಕ್ಯಾಂಡಿ ಇವಕ್ಕೆ ಮಾತ್ರ ಮೂಳೆ ಪ್ರಶ್ನೆ ನಿಜವಾಗ್ಲೂ ಕೇಳ್ಬೇಕು. ಅಲ್ಲಿನ ಬ್ರೌನ್ ಶುಗರ್ ಅಂದ್ರೆ ಬಹಳ ಸಲ ಬಿಳಿ ಸಕ್ಕರೆಗೇ ಕಾಕಂಬಿ ಕಲಸಿದ್ದು, ಹಾಗಾಗಿ ಬಣ್ಣ ಕಂದು ಅಂದ ಮಾತ್ರಕ್ಕೆ ಬಚಾವ್ ಅಂತ ತಿಳ್ಕೋಬೇಡಿ. ಯುಎಸ್‌ಡಿಎ ಆರ್ಗ್ಯಾನಿಕ್ ಗುರುತು (ಅಮೆರಿಕದ ಕೃಷಿ ಇಲಾಖೆಯ ಸಾವಯವ ಮುದ್ರೆ) ಇದ್ರೆ ಅದಕ್ಕೆ ಮೂಳೆ ಇದ್ದಿಲು ಬಳಸಿರಲ್ಲ, ತರೋರಿಗೆ ಅದನ್ನೇ ತರೋಕೆ ಹೇಳಿ.

ಹಂತ 2: ದಿನಬಳಕೆ ಸಕ್ಕರೆ

ಕಿರಾಣಿಯವ್ರು ಎಸ್-30, ಎಂ-30 ಅಂತಾರಲ್ಲ, ಎಸ್ ಅಂದ್ರೆ ಸಣ್ಣ ಹರಳು, ಎಂ ಅಂದ್ರೆ ಮಧ್ಯಮ, ಸಂಖ್ಯೆ ಬಣ್ಣದ ಗ್ರೇಡು. ವೀಗನ್ ಲೆಕ್ಕದಲ್ಲಿ ಎರಡೂ ಒಂದೇ. ಪಾಯಸ, ಚಹಾ, ಕಾಫಿಗೆ ಯಾವುದಾದ್ರೂ ತಗೊಳ್ಳಿ. ಪುಡಿ ಸಕ್ಕರೆ ಬೇಕಿದ್ರೆ ಮನೇಲೇ ಮಿಕ್ಸಿಗೆ ಹಾಕಿ. ಅಂಗಡಿ ಐಸಿಂಗ್ ಶುಗರ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆ ಜೊತೆ ಮೆಕ್ಕೆಜೋಳದ ಪಿಷ್ಟ ಮಾತ್ರ ಇರುತ್ತೆ, ರಾಯಲ್ ಐಸಿಂಗ್ ಮಿಕ್ಸ್ ಅಂತ ಬರೋದ್ರಲ್ಲಿ ಮೊಟ್ಟೆ ಬಿಳಿ ಪುಡಿ ಇರಬಹುದು, ಅದನ್ನ ಓದಿ ತಗೊಳ್ಳಿ.

ಆದ್ರೆ ಬೂರಾ ಸಕ್ಕರೆ ಬಗ್ಗೆ ಎಚ್ಚರ. ಮುಂಬೈಲಿ ಗುಜರಾತಿ, ಮಾರ್ವಾಡಿ ಅಂಗಡಿಗಳಲ್ಲಿ ಲಾಡುಗೆ ಅಂತ ಬೂರಾ ಅಥವಾ ತಗಾರ್ ಮಾರ್ತಾರೆ, ನೋಡೋಕೆ ಪುಡಿ ಸಕ್ಕರೆ ಥರಾನೇ. ಇದನ್ನ ಸಕ್ಕರೆ ಪಾಕ ಕಾಯಿಸಿ, ಅದಕ್ಕೆ ಒಂದಿಷ್ಟು ತುಪ್ಪ, ಕೆಲವರು ಹಾಲೂ ಹಾಕಿ, ಕೈಯಾಡಿಸ್ತಾ ಆಡಿಸ್ತಾ ಪುಡಿಯಾಗೋ ತನಕ ಒಣಗಿಸ್ತಾರೆ. ಬಿಡಿಯಾಗಿ ತೂಕಕ್ಕೆ ಕೊಡೋದ್ರಿಂದ ಲೇಬಲ್ಲೂ ಇರಲ್ಲ. ವೀಗನ್ ಬೇಸನ್ ಲಾಡು ಅಂತ ಕೊಬ್ಬರಿ ಎಣ್ಣೆಲಿ ಹಿಟ್ಟು ಹುರಿದು ಕೊನೆಗೆ ಬೂರಾ ಹಾಕಿದ್ರೆ ಪಟ್ಟ ಶ್ರಮ ಎಲ್ಲಾ ವ್ಯರ್ಥ.

ಇನ್ನೊಂದು ವಿಷಯ ಇಲ್ಲೇ ಹೇಳ್ತೀನಿ, ಯಾಕಂದ್ರೆ ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಮಹಾರಾಷ್ಟ್ರದಲ್ಲಿ ಕಬ್ಬು ನುರಿಸೋ ಹಂಗಾಮಿನಲ್ಲಿ, ಅಂದ್ರೆ ಅಕ್ಟೋಬರ್-ನವೆಂಬರ್‌ನಿಂದ ಮಾರ್ಚ್-ಏಪ್ರಿಲ್ ತನಕ, ಕೊಲ್ಹಾಪುರ, ಸಾತಾರಾ ಕಡೆ ರಸ್ತೆಲಿ ಹೋದ್ರೆ ಮೈಮೇಲೆ ಬೀಳೋ ಹಾಗೆ ಕಬ್ಬು ಹೇರಿದ ಎತ್ತಿನ ಗಾಡಿಗಳು ಸಾಲಾಗಿ ಕಾಣ್ತವೆ. ಏರು ದಾರಿಲಿ ಎತ್ತುಗಳ ಮಂಡಿ ನಡುಗೋದನ್ನ ನೋಡಿದ್ರೆ ಸಂಕಟ ಆಗುತ್ತೆ. ಆ ಗಾಡಿ ಹೊಡೆಯೋರು, ಕಬ್ಬು ಕಡಿಯೋರು ಬೀಡ್ ಕಡೆಯಿಂದ ಗಂಡ, ಹೆಂಡ್ತಿ, ಮಕ್ಕಳು ಸಮೇತ ಬಂದು ಗದ್ದೆ ಪಕ್ಕ ಗುಡಿಸಲು ಹಾಕ್ಕೊಂಡಿರ್ತಾರೆ. ಯಾವ ಲೇಬಲ್ಲೂ ಇದನ್ನ ಹೇಳಲ್ಲ, ಟ್ರ್ಯಾಕ್ಟರಲ್ಲಿ ಬಂದ ಕಬ್ಬು ಯಾವುದು ಗಾಡೀಲಿ ಬಂದಿದ್ದು ಯಾವುದು ಅಂತ ಅಂಗಡೀಲಿ ನಿಂತು ತಿಳಿಯೋಕೂ ಆಗಲ್ಲ. 1944ರಲ್ಲಿ ಬ್ರಿಟನ್ನಲ್ಲಿ ಶುರುವಾದ ವೀಗನ್ ಸೊಸೈಟಿ ಕೂಡ ವೀಗನ್ ಅಂದ್ರೆ ಸಾಧ್ಯವಾದಷ್ಟು, ಆಗೋವಷ್ಟರ ಮಟ್ಟಿಗೆ ಪ್ರಾಣಿ ಶೋಷಣೆ ಬಿಡೋದು ಅಂತಾನೇ ಹೇಳುತ್ತೆ. ನನ್ನ ಮಟ್ಟಿಗೆ ಇದಕ್ಕಿರೋ ದಾರಿ ಒಟ್ಟು ಸಕ್ಕರೆ ಕಮ್ಮಿ ಮಾಡೋದು, ಆಮೇಲೆ ಗೊತ್ತಿರೋ ರೈತರಿಂದ, ಸಣ್ಣ ಆಲೆಮನೆಯಿಂದ ಕೇಳಿ ತಗೊಳ್ಳೋದು.

ಹಂತ 3: ಲೇಬಲ್ ಓದೋ ಕ್ರಮ

ಹಸಿರು ಚುಕ್ಕೆ ನೋಡಿ ನಂಬೋದು ನಮ್ಮ ದೇಶದ ವೀಗನ್‌ಗಳು ಮೊದಲು ಬಿಡಬೇಕಾದ ಅಭ್ಯಾಸ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಮಾಂಸಾಹಾರ ಅಂದ್ರೆ ಏನು ಅಂತ ಹೇಳೋವಾಗ ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇಷ್ಟನ್ನೂ ಹೊರಗೆ ಇಟ್ಟಿದ್ದಾರೆ, ಹಾಗಾಗಿ ಇವೆಲ್ಲ ಇದ್ರೂ ಹಸಿರು ಚುಕ್ಕೆ ಬೀಳುತ್ತೆ. ಸಿಹಿ ಪದಾರ್ಥಗಳಲ್ಲಿ ಅರಗು ಎಲ್ಲಿರುತ್ತೆ ಅಂದ್ರೆ ಮಕ್ಕಳ ಪಳಪಳ ಹೊಳೆಯೋ ಚಾಕಲೇಟ್ ಗುಳಿಗೆ, ಜೆಲ್ಲಿ ಬೀನ್ಸ್, ಕೇಕ್ ಮೇಲೆ ಉದುರಿಸೋ ಸ್ಪ್ರಿಂಕಲ್ಸ್ ಇವುಗಳ ಹೊರಗಿನ ಹೊಳಪಲ್ಲಿ. ಲೇಬಲ್ಲಲ್ಲಿ ಬಹಳ ಸಲ ಶೆಲಾಕ್ (ಅರಗು) ಅಂತ ಇರಲ್ಲ, ಗ್ಲೇಜಿಂಗ್ ಏಜೆಂಟ್ (ಹೊಳಪು ಕೊಡೋ ಪದಾರ್ಥ) ಐಎನ್‌ಎಸ್ 904 ಅಂತ ಇರುತ್ತೆ, ಈ ಸಂಖ್ಯೆ ಆಹಾರಕ್ಕೆ ಸೇರಿಸೋ ಪದಾರ್ಥಗಳ ಅಂತರರಾಷ್ಟ್ರೀಯ ಕ್ರಮಸಂಖ್ಯೆ. 901 ಅಂದ್ರೆ ಜೇನುಮೇಣ. 903 ಕಾರ್ನಾಬಾ ಮೇಣ, ಅದು ತಾಳೆ ಜಾತಿ ಮರದ ಎಲೆಯಿಂದ ಬರೋದು, ಪರವಾಗಿಲ್ಲ.

ವೀಗನ್ ಗುರುತು ಬೇರೇನೇ ಇದೆ. 2022ರಲ್ಲಿ ಎಫ್‌ಎಸ್‌ಎಸ್‌ಎಐ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ತಂತು, ಹಸಿರು ಬಣ್ಣದಲ್ಲಿ ಇಂಗ್ಲಿಷಿನ ವಿ ಅಕ್ಷರ, ಅದ್ರ ಮೇಲೆ ಪುಟ್ಟ ಎಲೆ, ಅದೇ ಲೋಗೊ. ಇದ್ರಲ್ಲಿ ನನಗೆ ತುಂಬಾ ಇಷ್ಟವಾದ ಅಂಶ ಅಂದ್ರೆ ಪದಾರ್ಥದೊಳಗೆ ಇರೋದು ಮಾತ್ರ ಅಲ್ಲ, ತಯಾರಿಸೋವಾಗ ಬಳಸಿ ತೆಗೆದುಬಿಡೋ ಸಾಮಗ್ರಿ ಕೂಡ ಪ್ರಾಣಿಮೂಲದ್ದು ಇರಬಾರ್ದು ಅನ್ನೋದು. ಮೂಳೆ ಇದ್ದಿಲು, ಪಾಕಕ್ಕೆ ಹಾಕೋ ಹಾಲು (ಹಂತ 5 ನೋಡಿ) ಎರಡಕ್ಕೂ ಈ ನಿಷೇಧ ಅನ್ವಯಿಸುತ್ತೆ. ಆದ್ರೆ ಲೋಗೊ ಇರೋ ಸಿಹಿ ಸಾಮಾನು ಅಂಗಡೀಲಿ ಇನ್ನೂ ಕಮ್ಮಿ, ಲೋಗೊ ಇಲ್ಲ ಅಂದ ತಕ್ಷಣ ವೀಗನ್ ಅಲ್ಲ ಅಂತಾನೂ ಅಲ್ಲ.

ಅವಸರದಲ್ಲಿ ಇದ್ರೆ ನೇರ ಅಲರ್ಜಿ ಸಾಲಿಗೆ ಹೋಗಿ. ಹಾಲು ಇದ್ರೆ ಅಲ್ಲಿ ಬರೀಲೇಬೇಕು ಅನ್ನೋದು ಕಾನೂನು. "ಹಾಲು ಇದೆ" ಅಂತಿದ್ರೆ ವಾಪಸ್ ಇಡಿ, "ಇರಬಹುದು" ಅಂತಿದ್ರೆ ಅದೇ ಯಂತ್ರದಲ್ಲಿ ಹಾಲಿನ ಸಾಮಾನೂ ಮಾಡ್ತಾರೆ ಅಂತ ಅರ್ಥ, ಅದನ್ನ ತಗೋಬೇಕಾ ಬಿಡಬೇಕಾ ನಿಮ್ಮ ನಿರ್ಧಾರ, ನಾನು ತಗೋತೀನಿ, ಹಾಲಿನ ಅಲರ್ಜಿ ಇರೋರು ಮಾತ್ರ ತಗೋಬಾರ್ದು. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್ ಇವೆಲ್ಲ ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ ಬರೋದು, ಇನ್ವರ್ಟ್ ಸಿರಪ್ ಸಕ್ಕರೆಯಿಂದ, ಹೆಸರು ನೋಡಿ ಗಾಬರಿ ಬೇಡ. ಬೇಸಿಗೆಲಿ ಕುಡಿಯೋ ಗ್ಲೂಕೋಸ್ ಪುಡಿಗೆ ವಿಟಮಿನ್ ಡಿ ಸೇರಿಸಿದ್ರೆ ಡಿ-2 ಅಥವಾ ಡಿ-3 ಯಾವುದು ನೋಡಿ, ಡಿ-3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ತೆಗೆಯೋದು.

ಹಂತ 4: ಬೆಲ್ಲ ಆರಿಸೋದು

ಬೆಲ್ಲ ಅಂದ್ರೆ ಕಣ್ಣುಮುಚ್ಚಿ ವೀಗನ್ ಅಂತಾರೆ, ಬಹುಪಾಲು ನಿಜ. ಆಲೆಮನೇಲಿ ಕಬ್ಬಿನ ಹಾಲು ಕೊಪ್ಪರಿಗೇಲಿ ಕುದಿಯೋವಾಗ ಕೊಳೆ ಮೇಲೆ ಬರಬೇಕಲ್ಲ, ಅದಕ್ಕೆ ಕೊಲ್ಹಾಪುರದ ಕಡೆ ಹಳೇ ಪದ್ಧತಿ ಅಂದ್ರೆ ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿ ಬರೋ ಲೋಳೆ ಸುರಿಯೋದು. ಲೋಳೆ ಕೊಳೆಯನ್ನೆಲ್ಲ ಹಿಡ್ಕೊಂಡು ಕಪ್ಪು ನೊರೆಯಾಗಿ ಮೇಲೆ ತೇಲುತ್ತೆ, ಉದ್ದ ಹಿಡಿಕೆಯ ಜಾಲರಿ ಸೌಟಲ್ಲಿ ಅದನ್ನ ಎಳೆದು ಎಳೆದು ತೆಗೀತಾರೆ. ಇದಕ್ಕಿಂತ ಚೆಂದದ ವೀಗನ್ ಶುದ್ಧೀಕರಣ ಇನ್ನೊಂದಿಲ್ಲ. ಉಕ್ಕಿ ಬರೋ ನೊರೆ ಇಳಿಸೋಕೆ ಶೇಂಗಾ ಎಣ್ಣೆ, ಹರಳೆಣ್ಣೆ ಒಂದೆರಡು ಚಮಚ ಹಾಕ್ತಾರೆ. ಕೆಲವರು ಹಾಲೋ ತುಪ್ಪಾನೋ ಹಾಕೋದು ಇರಬಹುದು, ಹಾಗಾಗಿ ನೇರವಾಗಿ ರೈತರಿಂದ ತಗೊಳ್ಳೋವಾಗ "ನೊರೆಗೆ ಏನ್ ಹಾಕ್ತೀರಿ ದಾದಾ" ಅಂತ ಕೇಳಿ, ಅವರಿಗೂ ಹೇಳೋಕೆ ಖುಷಿ.

ಬಣ್ಣದ ವಿಷಯ ವೀಗನ್‌ಗೆ ಸಂಬಂಧ ಇಲ್ಲ, ಆರೋಗ್ಯಕ್ಕೆ ಸಂಬಂಧ. ಹಳದಿ ಚಿನ್ನದ ಥರ ಹೊಳೆಯೋ ಬೆಲ್ಲಕ್ಕೆ ಹೈಡ್ರೋಸ್ (ಬಣ್ಣ ತಿಳಿ ಮಾಡೋ ಗಂಧಕದ ರಾಸಾಯನಿಕ) ಹಾಕಿರೋ ಸಾಧ್ಯತೆ ಜಾಸ್ತಿ, ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ದಾಟಬಾರ್ದು ಅಂತ ಮಿತಿ ಇದೆ. ಗಾಢ ಕಂದು ಬಣ್ಣದ್ದು ತಗೊಳ್ಳಿ, ಒಂದು ಚೂರು ಗ್ಲಾಸ್ ನೀರಲ್ಲಿ ಕರಗಿಸಿ ಬಿಡಿ, ತಳದಲ್ಲಿ ಬಿಳಿ ಪುಡಿ ಕೂತ್ರೆ ಸೀಮೆಸುಣ್ಣದ ಪುಡಿ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಪುಣೆಯವರಿಗೆ ಮಾರ್ಕೆಟ್‌ಯಾರ್ಡ್ ಇದೆ, ಬೆಲ್ಲದ ದೊಡ್ಡ ಪೆಂಟೆ ಒಡೆದು ತೋರಿಸ್ತಾರೆ, ಒಳಗಿನ ಬಣ್ಣ ನೋಡಿ ತಗೋಬಹುದು. ಕೊಲ್ಹಾಪುರದ ಬೆಲ್ಲಕ್ಕೆ ಜಿಐ ಗುರುತೂ (ಊರಿನ ವಿಶೇಷ ಉತ್ಪನ್ನಕ್ಕೆ ಸಿಗೋ ಭೌಗೋಳಿಕ ಮಾನ್ಯತೆ) ಇದೆ. ಮುಂಬೈಲಿ ಊರಿನ ಅಚ್ಚು ಬೆಲ್ಲ, ಉಂಡೆ ಬೆಲ್ಲ, ತಾಳೆ ಬೆಲ್ಲ ಬೇಕು ಅಂದ್ರೆ ಮಾಟುಂಗಾ ಮಾರ್ಕೆಟ್‌ನಲ್ಲಿ ದಕ್ಷಿಣದ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಶುಂಠಿ, ಏಲಕ್ಕಿ ಹಾಕಿದ ಬೆಲ್ಲದ ಕ್ಯೂಬ್‌ಗಳಲ್ಲಿ ತುಪ್ಪ ಇರಬಹುದು, ಲೇಬಲ್ ಓದಿ.

ಗೋವಾದವರಿಗೆ ಅದೃಷ್ಟ ಬೇರೇನೇ. ಅಲ್ಲಿ ತೆಂಗಿನ ಮರದಿಂದ ಇಳಿಸಿದ ರಸ ಕಾಯಿಸಿ ಮಾಡೋ ಮಾಡಾಚೆಂ ಗೊಡ್ ಸಿಗುತ್ತೆ, ಕಪ್ಪು ಬಣ್ಣ, ಪಿರಮಿಡ್ ಆಕಾರ, ಮುಟ್ಟಿದ್ರೆ ಸ್ವಲ್ಪ ಮೆತ್ತಗೆ, ಹೊಗೆಯ ಘಮ. ಮ್ಹಾಪ್ಸಾದ ಶುಕ್ರವಾರದ ಸಂತೇಲಿ ಹುಡುಕಿ. ರಸ ಹುಳಿಯಾಗದ ಹಾಗೆ ಮಡಕೆಗೆ ಸುಣ್ಣ ಸವರ್ತಾರೆ, ಕರಾವಳಿ ಕಡೆ ಸುಣ್ಣನ ಕಪ್ಪೆಚಿಪ್ಪು ಸುಟ್ಟೂ ಮಾಡ್ತಾರೆ, ತೀರಾ ಕಟ್ಟುನಿಟ್ಟಿನವರು ಇದನ್ನ ಕೇಳಿ ತಿಳ್ಕೊಳ್ಳಿ. ಮರ ಹತ್ತಿ ರಸ ಇಳಿಸೋ ರೆಂದೇರ್‌ಗಳು ಕಮ್ಮಿ ಆಗ್ತಾ ಇದ್ದಾರೆ, ಅವರು ಕೇಳಿದ ದರಕ್ಕೆ ಚೌಕಾಸಿ ಮಾಡದೆ ತಗೊಳ್ಳಿ ಅಂತ ನನ್ನ ಕೋರಿಕೆ. ಈ ಬೆಲ್ಲ, ತೆಂಗಿನ ಹಾಲು, ಅಕ್ಕಿ ಹಿಟ್ಟು ಮೂರೇ ಸೇರಿ ಆಗೋ ದೋದೋಲ್ ಮೂಲತಃ ವೀಗನ್, ಅಂಗಡೀಲಿ ತಗೊಳ್ಳೋವಾಗ ತುಪ್ಪ ಹಾಕಿದ್ದೀರಾ ಕೇಳಿ ಅಷ್ಟೆ. ಪೇರಲೆಯ ಪೆರಾಡ್‌ಗೆ ಕೆಲವರು ಬೆಣ್ಣೆ ಹಾಕ್ತಾರೆ. ಗೋವಾದ ಪದರ ಪದರದ ಸಿಹಿ ಬೆಬಿಂಕಾ ಮಾತ್ರ ಮೊಟ್ಟೆ, ತುಪ್ಪ ಇಲ್ದೆ ಇಲ್ಲ.

ಹಂತ 5: ಪಾಕದೊಳಗಿನ ಹಾಲು

ಈ ಹಂತನ ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ವೀಗನ್‌ಗಳು ಹೆಚ್ಚಾಗಿ ಎಡವೋದು ಇಲ್ಲೇ, ಲೇಬಲ್ಲೂ ಕಾಪಾಡಲ್ಲ. ಮಿಠಾಯಿ ಮಾಡೋರು ಸಕ್ಕರೆ ಪಾಕ ಕುದಿಯೋವಾಗ ಒಂದೆರಡು ಚಮಚ ಹಾಲು ಹಾಕ್ತಾರೆ. ಹಾಲಿನ ಪ್ರೋಟೀನ್ ಬಿಸಿ ಪಾಕದಲ್ಲಿ ಒಡೆದು ಸಕ್ಕರೆಯ ಕೊಳೆನ ಹಿಡ್ಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತೆ, ಅದನ್ನ ತೆಗೆದ್ರೆ ಪಾಕ ಗಾಜಿನ ಹಾಗೆ ತಿಳಿ. ಹಾಗಾಗಿ ಜಿಲೇಬಿ ಎಣ್ಣೇಲೇ ಕರಿದಿದ್ರೂ ಅದು ಮುಳುಗಿದ ಪಾಕದಲ್ಲಿ ಹಾಲಿರಬಹುದು, ಹಿಟ್ಟು ಹುಳಿ ಬರೋಕೆ ಮೊಸರು ಹಾಕಿರ್ತಾರೆ ಅನ್ನೋದು ಬೇರೆ. ಮುಂಬೈ, ಪುಣೆ ಮಿಠಾಯಿ ಅಂಗಡೀಲಿ ಮರಾಠಿಲಿ ಹೀಗೆ ಕೇಳಿ: "ಪಾಕಾತ್ ದೂಧ್ ಘಾಲತಾ ಕಾ? ತೂಪ್ ಆಹೇ ಕಾ?" ಕೌಂಟರ್‌ನಲ್ಲಿ ಇರೋರಿಗೆ ಗೊತ್ತಿರಲ್ಲ, ಒಳಗೆ ಮಾಡೋ ಕಾರೀಗರ್‌ನ ಕೇಳಿ ಬನ್ನಿ ಅಂತ ವಿನಯವಾಗಿ ಹೇಳಿದ್ರೆ ಕೇಳ್ಕೊಂಡು ಬರ್ತಾರೆ.

ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿಗೂ ಇದೇ ಕಥೆ, ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು ಬಟ್ಟೇಲಿ ಸೋಸೋದು ಮನೆಮನೆ ಪದ್ಧತಿ. ಗುಡಿಪಾಡ್ವಕ್ಕೆ ಗುಡಿಗೆ ಕಟ್ಟೋ ಸಕ್ಕರೆ ಗಾಠಿ, ದಾರದ ಕಲ್ಲುಸಕ್ಕರೆ ಇವಕ್ಕೂ ಕೇಳೋದು ಒಳ್ಳೇದು. ಅಮ್ಮ, ಅತ್ತೆ, ದೊಡ್ಡಮ್ಮ ಹಾಲು ಹಾಕೋದು ಯಾಕಂದ್ರೆ ಅವರ ಕಾಲದ ಸಕ್ಕರೇಲಿ ನಿಜವಾಗ್ಲೂ ಕೊಳೆ, ಕಡ್ಡಿ ಇರ್ತಿತ್ತು. ಈಗಿನ ಸಕ್ಕರೆಗೆ ಅದರ ಅಗತ್ಯ ಇಲ್ಲ. "ಅತ್ತೆ, ಈ ಸಲ ಹಾಲಿಲ್ದೆ ಒಂದು ಸಣ್ಣ ಬ್ಯಾಚ್ ಮಾಡಿ ನೋಡೋಣ್ವಾ" ಅಂತ ಕೇಳಿ, ಬೇಡ ಅನ್ನಲ್ಲ ಅವರು.

ಮಾಡೋದು ಹೀಗೆ. ಒಂದು ಕಪ್ ಸಕ್ಕರೆಗೆ ಅರ್ಧ ಕಪ್ ನೀರು ಹಾಕಿ ಸಣ್ಣ ಉರೀಲಿ ಬರೀ ಕರಗಿಸಿ, ಕುದಿ ಬರೋ ಮುಂಚೆ ಒದ್ದೆ ಮಾಡಿ ಹಿಂಡಿದ ತೆಳು ಮಲ್ ಬಟ್ಟೇಲಿ ಸೋಸಿ. ಮತ್ತೆ ಒಲೆ ಮೇಲಿಟ್ಟು ಕುದಿಸಿ, ಅಂಚಿಗೆ ಬರೋ ನೊರೆನ ಚಮಚದಲ್ಲಿ ತೆಗೀತಾ ಇರಿ. ಪಾಕ ಗಟ್ಟಿಯಾದ್ಮೇಲೆ ಎಲ್ಲಾ ಒಟ್ಟಿಗೆ ಮಾಡೋಕೆ ಹೋಗ್ಬೇಡಿ, ಒಂದು ಸೌಟು ಮಾತ್ರ ಸಣ್ಣ ಪಾತ್ರೆಗೆ ತಗೊಂಡು ಉರಿ ಮೇಲೆ ಮರದ ಕೋಲಿನಿಂದ ಪಾತ್ರೆಯ ಬದಿಗೆ ಉಜ್ಜಿ ಉಜ್ಜಿ ತಿರುವಿ. ತಿಳಿ ಇದ್ದ ಪಾಕ ಇದ್ದಕ್ಕಿದ್ದ ಹಾಗೆ ಸುಣ್ಣದ ನೀರಿನ ಥರ ಬೆಳ್ಳಗಾಗುತ್ತೆ, ಆ ಕ್ಷಣಕ್ಕೆ ನೀರಲ್ಲಿ ನೆನೆಸಿ ಒರೆಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಮರದ ಅಚ್ಚಿಗೆ ಹೊಯ್ಯಬೇಕು, ತಡ ಮಾಡಿದ್ರೆ ಪಾತ್ರೇಲೇ ಗಟ್ಟಿಯಾಗುತ್ತೆ. ಇದಕ್ಕೆ ನಿಂಬೆರಸ ಜಾಸ್ತಿ ಹಾಕ್ಬೇಡಿ, ನಿಂಬೆ ಹರಳು ಕಟ್ಟೋದನ್ನ ತಡೆಯುತ್ತೆ. ಜಾಮೂನು, ಜಿಲೇಬಿ ಪಾಕ ಹರಳಾಗದೆ ಇರ್ಬೇಕು, ಅದಕ್ಕೆ ಮಾತ್ರ ನಾಲ್ಕು ಹನಿ ನಿಂಬೆ ಸರಿ.

ಬೆಳ್ಳಿ ವರ್ಕ್, ಅಂದ್ರೆ ಮಿಠಾಯಿ ಮೇಲೆ ಅಂಟಿಸೋ ತೆಳು ಬೆಳ್ಳಿ ಹಾಳೆ ಬಗ್ಗೆಯೂ ಕೇಳ್ತಾರೆ. ಮೊದಲು ಅದನ್ನ ದನದ ಕರುಳಿನ ಹಾಳೆಗಳ ಮಧ್ಯೆ ಇಟ್ಟು ಬಡೀತಿದ್ರು, 2016ರಲ್ಲಿ ಎಫ್‌ಎಸ್‌ಎಸ್‌ಎಐ ವರ್ಕ್ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರ್ದು ಅಂತ ನಿಯಮ ಮಾಡಿತ್ತು. ಆದ್ರೂ ಬಿಡಿ ಮಿಠಾಯಿ ಮೇಲಿರೋ ವರ್ಕ್ ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗಲ್ಲ, ವರ್ಕ್ ಇಲ್ಲದ್ದನ್ನ ಆರಿಸಿ, ರುಚಿಗೇನೂ ನಷ್ಟ ಇಲ್ಲ.

ಹಂತ 6: ಶುಗರ್‌ಫ್ರೀ ಗುಳಿಗೆ, ಪುಡಿ, ಹನಿ

ಸಿಹಿ ಕೊಡೋ ರಾಸಾಯನಿಕದಲ್ಲಿ ಸಾಮಾನ್ಯವಾಗಿ ಪ್ರಾಣಿ ಅಂಶ ಇರಲ್ಲ. ಲೇಬಲ್ಲಿನ ಐಎನ್‌ಎಸ್ ಸಂಖ್ಯೇಲಿ ಆಸ್ಪರ್ಟೇಮ್ 951, ಸ್ಯಾಕರಿನ್ 954, ಸುಕ್ರಲೋಸ್ 955, ಸ್ಟೀವಿಯಾ 960, ಎಲ್ಲಾ ಸರಿ. ಸಮಸ್ಯೆ ಗುಳಿಗೆಯಲ್ಲಿ. ಸಿಹಿಯ ಅಂಶ ಎಳ್ಳಿನಷ್ಟಿದ್ರೂ ಸಾಕು, ಅದನ್ನ ಗುಳಿಗೆ ರೂಪಕ್ಕೆ ತರೋಕೆ ತುಂಬಿಸೋ ಪುಡಿ ಬೇಕು, ಆ ಪುಡಿ ಬಹಳ ಸಲ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ. ಡಬ್ಬಿ ಮೇಲೆ ದೊಡ್ಡದಾಗಿ ಸಸ್ಯಾಹಾರಿ ಅಂತ ಇರುತ್ತೆ, ಹಿಂದೆ ಸಣ್ಣ ಅಕ್ಷರದಲ್ಲಿ ಲ್ಯಾಕ್ಟೋಸ್. ದಿನಕ್ಕೆ ನಾಲ್ಕು ಸಲ ಚಹಾಕ್ಕೆ ಹಾಕೋ ವೀಗನ್‌ಗೆ ಇದು ಗೊತ್ತಿರಲೇಬೇಕು. ಹನಿ ರೂಪದ ಸ್ಟೀವಿಯಾ, ಅಥವಾ ಮಾಲ್ಟೋಡೆಕ್ಸ್‌ಟ್ರಿನ್, ಎರಿಥ್ರಿಟಾಲ್ ಇರೋ ಪುಡಿ ತಗೊಳ್ಳಿ. ಲ್ಯಾಕ್ಟಿಟಾಲ್ 966 ಅಂತಿದ್ರೆ ಅದೂ ಲ್ಯಾಕ್ಟೋಸ್‌ನಿಂದಾನೇ ಮಾಡೋದು.

ಈ ಪದಾರ್ಥಗಳಿಗೆ ಅನುಮತಿ ಸಿಗೋ ಮುಂಚೆ ಇಲಿಗಳ ಮೇಲೆ ಪರೀಕ್ಷೆ ನಡೆದಿರುತ್ತೆ, ಅದಕ್ಕಾಗಿ ಪೂರ್ತಿ ಬಿಡೋ ವೀಗನ್‌ಗಳೂ ಇದ್ದಾರೆ, ಅವರ ಮಾತಿಗೆ ನನಗೆ ಗೌರವ ಇದೆ. ಆದ್ರೆ ಡಯಾಬಿಟಿಸ್ ಇರೋ ಹಿರಿಯರಿಗೆ ಇಷ್ಟೂ ಬೇಡ ಅಂತ ಒತ್ತಾಯ ಮಾಡ್ಬಾರ್ದು. ಬೇಯಿಸೋಕೆ ಸುಕ್ರಲೋಸ್, ಸ್ಟೀವಿಯಾ ನಡೆಯುತ್ತೆ, ಆಸ್ಪರ್ಟೇಮ್ ಬಿಸಿಗೆ ಸಿಹಿ ಕಳ್ಕೊಳ್ಳುತ್ತೆ, ಪಿಕೆಯು (ಫಿನೈಲಲನೈನ್ ಅನ್ನೋ ಅಂಶನ ದೇಹ ಅರಗಿಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಇರೋರು ಅದನ್ನ ಮುಟ್ಟಲೇಬಾರ್ದು. ಎರಿಥ್ರಿಟಾಲ್ ಬಾಯಿಗೆ ತಣ್ಣಗೆ ಹತ್ತುತ್ತೆ, ಜಾಸ್ತಿ ತಿಂದ್ರೆ ಹೊಟ್ಟೆ ಉಬ್ಬರ. ಮನೇಲಿ ನಾಯಿ ಇದ್ರೆ ಕ್ಸೈಲಿಟಾಲ್ ತರಲೇಬೇಡಿ, ನಾಯಿಗಳಿಗೆ ಅದು ಸ್ವಲ್ಪವೇ ಸಾಕು ಪ್ರಾಣಕ್ಕೆ ಕುತ್ತು. ತೂಕ ಇಳಿಸೋಕೆ ಅಂತ ಆಸ್ಪರ್ಟೇಮ್, ಸ್ಯಾಕರಿನ್, ಸುಕ್ರಲೋಸ್, ಸ್ಟೀವಿಯಾ ಇಂಥವನ್ನ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಹಾಗೇ ಬೆಲ್ಲ ಶುಗರ್ ಇರೋರಿಗೆ ಒಳ್ಳೇದು ಅನ್ನೋ ಮಾತು ನಂಬಬೇಡಿ, ಬೆಲ್ಲದಲ್ಲೂ ಬಹುಪಾಲು ಇರೋದು ಅದೇ ಸುಕ್ರೋಸ್. ತೆಂಗಿನ ಸಕ್ಕರೆ, ಖರ್ಜೂರದ ಸಿರಪ್ ಕೂಡ ಲೆಕ್ಕಕ್ಕೆ ಸಕ್ಕರೆಯೇ. ದಿನಕ್ಕೆ 2000 ಕ್ಯಾಲರಿ ತಿನ್ನೋರಿಗೆ ಸೇರಿಸಿದ ಸಕ್ಕರೆ ಎಲ್ಲಾ ಸೇರಿ 50 ಗ್ರಾಂ ಒಳಗೆ, ಆದ್ರೆ 25 ಗ್ರಾಂ ಒಳಗೆ ಇದ್ರೆ ಇನ್ನೂ ಒಳ್ಳೇದು ಅನ್ನೋದು ಅದೇ ಸಂಸ್ಥೆಯ ಮಾತು.

ಹಂತ 7: ಜೇನಿನ ಬದಲು

ಜೇನುಹುಳ ತನಗೋಸ್ಕರ ಕೂಡಿಟ್ಟಿದ್ದು, ವೀಗನ್‌ಗಳಿಗೆ ಬೇಡ. ಬದಲಿಗೆ ಮೇಪಲ್ ಸಿರಪ್, ಅಗಾವೆ ಅಂತ ದುಡ್ಡು ಸುರೀಬೇಡಿ, ನಮ್ಮ ಜೋನಿ ಬೆಲ್ಲ ಇದೆ. ಮಹಾರಾಷ್ಟ್ರದಲ್ಲಿ ಕಾಕವಿ ಅಂತ ಕೇಳಿ, ಬಾಟಲೀಲಿ ಸಿಗುತ್ತೆ, ದೋಸೆ, ಚಪಾತಿ, ನಿಂಬೆ ಶರಬತ್ತು ಎಲ್ಲಕ್ಕೂ ಹೊಂದುತ್ತೆ. ಮೇಪಲ್ ಬೇಕೇ ಬೇಕು ಅಂದ್ರೆ, 40 ಲೀಟರ್ ಮರದ ರಸ ಕಾಯಿಸಿ 1 ಲೀಟರ್ ಆಗೋ ಆ ಸಿರಪ್ಪಿನ ನೊರೆ ಇಳಿಸೋಕೆ ಹಿಂದೆ ಬೆಣ್ಣೆ ಚೂರು ಹಾಕ್ತಿದ್ರು, ಈಗ ಹೆಚ್ಚಿನವರು ಸಸ್ಯದ ಎಣ್ಣೆ ಬಳಸ್ತಾರೆ, ವೀಗನ್ ಗುರುತು ಇರೋದು ನೋಡಿ. ಖರ್ಜೂರದ ಸಿರಪ್ ಮನೇಲೇ ಆಗುತ್ತೆ, ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿ ರುಬ್ಬಿ ಸೋಸಿ ಫ್ರಿಜ್ಜಲ್ಲಿ ಇಟ್ಟು ವಾರದೊಳಗೆ ಮುಗಿಸಿ.

ಜೇನು ಅಡಗಿರೋ ಜಾಗಗಳು: ಚ್ಯವನಪ್ರಾಶ (ಅದ್ರಲ್ಲಿ ತುಪ್ಪಾನೂ ಇರುತ್ತೆ), ಕೆಲವು ಗುಲ್ಕಂದ್, ಗ್ರಾನೋಲಾ, ಕೆಮ್ಮಿನ ಸಿರಪ್, ಪೂಜೆಯ ಪಂಚಾಮೃತ.

ಹಂತ 8: ಅಡುಗೇಲಿ ಗಮನಿಸಬೇಕಾದ್ದು

ಬಾದಾಮಿ ಹಾಲು, ಸೋಯಾ ಹಾಲಿಗೆ ಕುದಿಯೋವಾಗ ಬೆಲ್ಲ ಹಾಕಿದ್ರೆ ಒಡೆಯಬಹುದು, ಒಲೆ ಆರಿಸಿ ಸ್ವಲ್ಪ ತಣ್ಣಗಾದ್ಮೇಲೆ ಕರಗಿಸಿ ಸೋಸಿದ ಬೆಲ್ಲ ಸೇರಿಸಿ. ಕಡ್ಲೆಬೇಳೆ ಪಾಯಸಕ್ಕೆ ತೆಂಗಿನ ಹಾಲೇ ಉತ್ತಮ, ಮೊದಲು ತೆಳು ಹಾಲಲ್ಲಿ ಬೇಳೆ ಬೇಯಿಸಿ ಬೆಲ್ಲ ಹಾಕಿ, ಗಟ್ಟಿ ಹಾಲು ಕೊನೇಲಿ, ಗೋಡಂಬಿನ ಕೊಬ್ಬರಿ ಎಣ್ಣೇಲಿ ಹುರೀರಿ, ನಮ್ಮ ಕರಾವಳಿ ಮನೆಗಳ ಪಾಯಸ ಮೊದಲಿಂದಲೂ ಹೀಗೇ. ಗಣಪತಿ ಹಬ್ಬಕ್ಕೆ ಉಕಡೀಚೆ ಮೋದಕದ ಹೂರಣ ತೆಂಗಿನಕಾಯಿ, ಬೆಲ್ಲ ಅಷ್ಟೆ, ಮೇಲೆ ತುಪ್ಪ ಹಾಕ್ಬೇಡಿ ಅಂತ ಆರ್ಡರ್ ಕೊಡೋವಾಗಲೇ ಹೇಳಿ, ಹಿಟ್ಟು ಉಕ್ಕರಿಸೋವಾಗಲೂ ತುಪ್ಪ ಹಾಕ್ತಾರಾ ಕೇಳಿ. ಎಳ್ಳುಂಡೆ, ಚಿಕ್ಕಿಗೆ ಸಾದಾ ಬೆಲ್ಲ ಬೇಡ, ಅಂಗಡೀಲಿ ಚಿಕ್ಕೀಚಾ ಗೂಳ್ ಅಂತ ಬೇರೆ ಸಿಗುತ್ತೆ, ಅದು ಕಟುಂ ಅಂತ ಮುರಿಯುತ್ತೆ. ಲೋನಾವಳದ ಚಿಕ್ಕಿ ತರೋವಾಗ ತುಪ್ಪ, ಬೆಣ್ಣೆ ಇದೆಯಾ ಓದಿ. ಕೇಕಿಗೆ ಸಕ್ಕರೆ ಬದಲು ಬೆಲ್ಲದ ಪುಡಿ ಹಾಕಿದ್ರೆ ಹಿಟ್ಟಿನ ನೀರು ಒಂದೆರಡು ಚಮಚ ಕಮ್ಮಿ ಮಾಡಿ, ಬೆಲ್ಲದಲ್ಲೇ ತೇವ ಇರುತ್ತೆ.

ಹಂತ 9: ಮಳೆಗಾಲಕ್ಕೆ ಕಾಪಾಡೋದು

ಜೂನ್ ಬಂತು ಅಂದ್ರೆ ಮುಂಬೈ, ಗೋವಾದ ಗಾಳಿಗೆ ಬೆಲ್ಲ ಬೆವರುತ್ತೆ, ಮೇ ತಿಂಗಳಲ್ಲೇ ಒಣ ಬೆಲ್ಲ ತಂದು ಚೂರು ಮಾಡಿ, ಬಟರ್ ಪೇಪರ್ ಸುತ್ತಿ ಗಾಜಿನ ಬಾಟಲೀಲಿ ಬಿಗಿಯಾಗಿ ಮುಚ್ಚಿಡಿ, ಒದ್ದೆ ಚಮಚ ಹಾಕ್ಬೇಡಿ. ಮಾಡಾಚೆಂ ಗೊಡ್ ಮೊದಲೇ ಮೆತ್ತಗಿರೋದು, ಅದನ್ನ ಫ್ರಿಜ್ಜಲ್ಲೇ ಇಡಿ. ಕಾಕವಿ ಬಾಟಲಿ ಮುಚ್ಚಳ ಉಬ್ಬಿದ್ರೆ ಹುಳಿ ಬರ್ತಿದೆ ಅಂತ ಅರ್ಥ, ಹಾಗಾದ್ರೆ ಬಳಸಬೇಡಿ. ಇರುವೆಗೆ ಔಷಧಿ ಹೊಡೆಯೋದು ವೀಗನ್ ಮನೇಲಿ ಬೇಡ, ಬಾಟಲಿನ ನೀರಿರೋ ತಟ್ಟೆಯೊಳಗೆ ನಿಲ್ಲಿಸಿ, ತಟ್ಟೆ ಗೋಡೆಗೆ ತಾಗದ ಹಾಗೆ ನೋಡ್ಕೊಳ್ಳಿ. ಅಷ್ಟರಲ್ಲೇ ಇರುವೆ ಹತ್ತಿದ್ರೆ ಬೆಲ್ಲನ ಒಂದು ಕಾಗದದ ಮೇಲೆ ಹಾಕಿ ಬಾಲ್ಕನಿ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಡಿ, ತಾವಾಗೇ ಇಳಿದು ಹೋಗ್ತವೆ, ಆಮೇಲೆ ಆ ಬೆಲ್ಲನ ನೀರಲ್ಲಿ ಕರಗಿಸಿ ಸೋಸಿ ಪಾಯಸಕ್ಕೆ ಬಳಸಬಹುದು.